ಅತ್ತೆಗೆ ಗೊತ್ತಿದ್ದ ಕಾಯಿಲೆ

ಕನಕಪುರದಿಂದ ರಾಮನಗರಕ್ಕೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ನಮ್ಮೂರಿನಿಂದ ಅಲ್ಲಿಗೆ ಹೋಗಲು ಎರಡು ಬಸ್ಸು ಹತ್ತಬೇಕು. ಎರಡು ವರ್ಷದ ಹಿಂದೆ, ಶಿವರಾತ್ರಿ ಕಳೆದ ಮೇಲೆ, ನನಗೆ ಬಾಯಾರಿಕೆ ಶುರುವಾಯಿತು. ಬಿಸಿಲು ಏರುತ್ತಿದೆ, ಅದಕ್ಕೇ ಇರಬೇಕು ಅಂದುಕೊಂಡೆ. ಎಷ್ಟು ನೀರು ಕುಡಿದರೂ ತೀರದು, ಕುಡಿದ ಅರ್ಧ ಗಂಟೆಗೆ ಮೂತ್ರಕ್ಕೆ ಹೋಗಬೇಕು. ದಿನವೂ ಬಸ್ಸಿನಲ್ಲಿ ಓಡಾಡುವ ಹೆಂಗಸಿಗೆ ಅದು ಎಂಥ ಹಿಂಸೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯಲ್ಲಿದ್ದದ್ದು ಮಕ್ಕಳ ಶೌಚಾಲಯ ಒಂದೇ. ಅದರ ಬಾಗಿಲಿಗೆ ಚಿಲಕ ಇರಲಿಲ್ಲ. ಹಾಗಾಗಿ ನಾನು ಕಂಡುಕೊಂಡ ಉಪಾಯ ನೀರು ಕುಡಿಯದೇ ಇರುವುದು. ಬೆಳಗ್ಗೆ ಮನೆ ಬಿಡುವುದಕ್ಕೆ ಮೊದಲೇ ನೀರು ನಿಲ್ಲಿಸಿ, ಸಂಜೆ ಮನೆಗೆ ಬಂದು ತಂಬಿಗೆ ಎತ್ತುವ ತನಕ ಗಂಟಲು ಒಣಗಿಸಿಕೊಂಡೇ ಇರುತ್ತಿದ್ದೆ. ಮಗ್ಗಿ ಹೇಳಿಕೊಡುವಾಗ ನಾಲಿಗೆ ಅಂಗುಳಿಗೆ ಅಂಟಿ ಮಾತು ತೊದಲುತ್ತಿತ್ತು. ಮುಂದಿನ ಸಾಲಿನ ಮಕ್ಕಳು ನಗುತ್ತಿದ್ದವು.

ನನ್ನ ಜೊತೆ ಕೆಲಸ ಮಾಡುವ ಮೇಡಂ ಒಬ್ಬರು ಒಂದು ದಿನ ನನ್ನ ರವಿಕೆಯ ತೋಳು ಹಿಡಿದು ನೋಡಿದರು. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲವಾಗಿತ್ತು. ಅವರ ಗಂಡನಿಗೆ ಹೀಗೇ ಆಗಿತ್ತಂತೆ. ಶನಿವಾರ ಅರ್ಧ ದಿನ ರಜೆ ಹಾಕಿಸಿ ಅವರೇ ನನ್ನನ್ನು ರಾಮನಗರಕ್ಕೆ ಕಳಿಸಿದರು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಸಲ ರಕ್ತ ತೆಗೆದರು. ತಿಂಡಿ ತಿಂದು ಎರಡು ಗಂಟೆ ಬಿಟ್ಟು ಬನ್ನಿ ಅಂದರು. ಹೋಟೆಲಿನಲ್ಲಿ ಇಡ್ಲಿ ತಿಂದು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಬರುವ ಹೋಗುವ ಬಸ್ಸುಗಳ ಬೋರ್ಡು ಓದುತ್ತಾ ಕಾಲ ಕಳೆದೆ. ಮತ್ತೆ ಹೋದಾಗ ಲ್ಯಾಬಿನ ಹುಡುಗಿ ಚೀಟಿಯನ್ನೂ ನನ್ನ ಮುಖವನ್ನೂ ನೋಡಿ, ಇದು ನಿಮ್ಮದೇನಾ ಅಂತ ಕೇಳಿದಳು. ಹೌದು ಅಂದಾಗ, ಇವತ್ತೇ ಡಾಕ್ಟರಿಗೆ ತೋರಿಸಿಕೊಂಡು ಹೋಗಿ ಅಂದಳು.

ಡಾಕ್ಟರು ನನಗಿಂತ ಬಹಳ ಚಿಕ್ಕವರು, ಹೆಣ್ಣುಮಗಳು. ಚೀಟಿ ನೋಡಿ ಸಮಾಧಾನವಾಗಿಯೇ ಹೇಳಿದರು. ಡಯಾಬಿಟಿಸ್ ಇದೆ, ಇವತ್ತು ನಿನ್ನೆ ಬಂದದ್ದಲ್ಲ, ಒಂದೆರಡು ವರ್ಷದಿಂದ ಒಳಗೇ ಇದ್ದಿರಬೇಕು. ಏನು ಊಟ ಮಾಡುತ್ತೀರಿ ಅಂತ ಕೇಳಿದರು. ಎರಡು ಹೊತ್ತೂ ರಾಗಿಮುದ್ದೆ ಅಂತ ಒಸಿ ಹೆಮ್ಮೆಯಿಂದಲೇ ಹೇಳಿದೆ. ನಮ್ಮ ಕಡೆ ಎಲ್ಲರ ನಂಬಿಕೆ ಅದು. ಸಕ್ಕರೆ ಕಾಯಿಲೆ ಅನ್ನ ತಿನ್ನುವವರಿಗೆ ಬರುತ್ತದೆ, ಮುದ್ದೆ ತಿನ್ನುವವರಿಗೆ ಬರುವುದಿಲ್ಲ.

"ಎಷ್ಟು ದಪ್ಪ ಮುದ್ದೆ?" ಅಂದರು.

ಎರಡು ಕೈ ಸೇರಿಸಿ ತೋರಿಸಿದೆ.

"ಅದರಲ್ಲಿ ಅರ್ಧ."

"ರಾಗಿ ಒಳ್ಳೇದಲ್ವಾ ಮೇಡಂ?"

"ಒಳ್ಳೇದೇ. ಆದ್ರೆ ಅರ್ಧ ಮಾತ್ರ."

ಇದು ಯಾವಾಗ ವಾಸಿಯಾಗುತ್ತದೆ ಅಂತ ಕೇಳಿದೆ. ಮಕ್ಕಳಿಗೆ ಪಾಠ ಹೇಳುವವಳಿಗೆ ಅದು ಗೊತ್ತಿರಲಿಲ್ಲ ಅಂತಲ್ಲ. ಆದರೂ ಕೇಳಿದೆ. ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕು ಅಂದರು. ನನಗೆ ಆಗ ನಲವತ್ತಾರು.

ಮನೆಯಲ್ಲಿ ಇರುವುದು ನಾವು ಮೂವರು, ನಾನು, ನನ್ನ ಗಂಡ, ಅತ್ತೆ. ಒಬ್ಬಳೇ ಮಗಳನ್ನು ಚನ್ನಪಟ್ಟಣಕ್ಕೆ ಮದುವೆ ಮಾಡಿ ಕೊಟ್ಟಿದ್ದೇವೆ. ಗಂಡ ರೇಷ್ಮೆಹುಳು ಸಾಕುತ್ತಾರೆ. ಅವತ್ತು ನಾನು ಹೋದಾಗ ಹುಳುಮನೆಯ ಬಾಗಿಲಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. ನಿಂತುಕೊಂಡೇ ಹೇಳಿದೆ. ಮಾತ್ರೆ ಕೊಟ್ಟವ್ರಾ ಅಂತ ಕೇಳಿದರು. ಕೊಟ್ಟವ್ರೆ ಅಂದೆ. ಸರಿ ಹಾಗಾದರೆ ಅಂತ ಒಳಗೆ ಹೋದರು. ಇವರಿಗೆ ಏನೂ ಅನ್ನಿಸಲೇ ಇಲ್ಲವೇ ಅಂತ ನನಗೆ ಅಳು ಬಂತು. ಮಾರನೆಯ ದಿನ ಬೆಳಗ್ಗೆ ಹುಳುಮನೆಗೆ ಹೋಗಿ ನೋಡಿದರೆ ಒಂದು ಸಾಲಿಗೆ ಎರಡು ಸಲ ಸೊಪ್ಪು ಹಾಕಿದ್ದರು, ಪಕ್ಕದ ಸಾಲಿಗೆ ಹಾಕಿಯೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಹುಳು ಸಾಕುವವರು.

ಅತ್ತೆ ಒಲೆ ಮುಂದೆ ಮುದ್ದೆ ತಿರುವುತ್ತಿದ್ದರು. ಅವರಿಗೆ ಎಪ್ಪತ್ತು ದಾಟಿದೆ, ಆದರೆ ಮುದ್ದೆ ಮಾಡುವುದನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ನಾನು ಹೇಳಿದ್ದು ಕೇಳಿಸಿತೋ ಇಲ್ಲವೋ ಎಂಬಂತೆ ಕೋಲು ತಿರುಗಿಸುತ್ತಲೇ ಇದ್ದರು. ಮುದ್ದೆ ಕಟ್ಟಿ ಮೂರು ತಟ್ಟೆಗೆ ಇಟ್ಟರು. ನನ್ನ ತಟ್ಟೆಯದನ್ನು ಕೈಯಲ್ಲಿ ತೆಗೆದುಕೊಂಡು ನೋಡಿದರು, ಹಾಗೇ ಕೆಳಗಿಟ್ಟರು. ತಾವು ಊಟ ಮಾಡಲಿಲ್ಲ. ಹಸಿವಿಲ್ಲ ಅಂತ ಜಗುಲಿಗೆ ಹೋಗಿ ಕೂತುಬಿಟ್ಟರು.

ಅವರಿಗೆ ಈ ಕಾಯಿಲೆ ಹೊಸದಲ್ಲ. ನನ್ನ ಮಾವ ತೀರಿಕೊಂಡದ್ದು ಇದರಿಂದಲೇ. ತೋಟದಲ್ಲಿ ಕತ್ತರಿಸಿ ಬಿಟ್ಟಿದ್ದ ಹಿಪ್ಪುನೇರಳೆಯ ಕೂಳೆ ಪಾದಕ್ಕೆ ಚುಚ್ಚಿತ್ತು. ನೋವೇ ಆಗಲಿಲ್ಲವಂತೆ, ನಾಲ್ಕು ದಿನ ಅದರಲ್ಲೇ ನಡೆದಾಡಿದರು. ಮೊದಲು ಎರಡು ಬೆರಳು ತೆಗೆದರು, ಆಮೇಲೆ ಹರಡಿನ ತನಕ ಪಾದವನ್ನೇ. ಹಾಗೆ ಮನೆಗೆ ಬಂದವರು ಮುಂದಿನ ಕೋಣೆಯಲ್ಲಿ ಎಂಟೊಂಬತ್ತು ತಿಂಗಳು ಮಲಗಿದ್ದರು. ಗಾಯ ಮಾಯಲೇ ಇಲ್ಲ. ಅವರನ್ನು ತೊಳೆದು ಬಳಿದು ನೋಡಿಕೊಂಡದ್ದೆಲ್ಲ ಅತ್ತೆಯೇ. ನಾನು ಇದ್ದೆ, ಆದರೆ ಆ ಕೋಣೆಯ ವಾಸನೆ ನನಗೆ ತಡೆಯುತ್ತಿರಲಿಲ್ಲ. ಶಾಲೆಗೆ ಹೊತ್ತಾಗುತ್ತದೆ ಅಂತ ಹೇಳಿ ಮೊದಲ ಬಸ್ಸಿಗೇ ಹೊರಟುಬಿಡುತ್ತಿದ್ದೆ. ಹೊತ್ತೇನೂ ಆಗುತ್ತಿರಲಿಲ್ಲ. ಶಾಲೆಯ ಬೀಗ ತೆಗೆಯುವುದಕ್ಕೆ ಮುಂಚೆ ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ.

ನನ್ನ ಕಾಯಿಲೆ ಗೊತ್ತಾದ ಮೊದಲ ತಿಂಗಳು ಹೇಗೆ ಕಳೆಯಿತೋ ತಿಳಿಯದು. ಮಾತ್ರೆಗೆ ಹೊಟ್ಟೆ ಕೆಡುತ್ತಿತ್ತು. ಬಸ್ಸಿನಲ್ಲಿ ಒಂದು ಭಯ ಹೋಗಿ ಇನ್ನೊಂದು ಭಯ ಬಂತು. ಮಾತ್ರೆಗಳನ್ನು ಮಕ್ಕಳು ಕಾಣದಂತೆ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೆ. ಯಾರದಾದರೂ ಹುಟ್ಟಿದ ಹಬ್ಬ ಅಂದರೆ ಹೊಸ ಬಟ್ಟೆ ಹಾಕಿಕೊಂಡು ಬಂದ ಮಗು ಚಾಕಲೇಟಿನ ಡಬ್ಬಿ ಹಿಡಿದು ನನ್ನ ಮುಂದೆ ನಿಲ್ಲುತ್ತಿತ್ತು. ತೆಗೆದುಕೊಂಡು, ಬಾಯಿಗೆ ಹಾಕಿಕೊಳ್ಳುವವರೆಗೂ ಕಾಯುತ್ತಿತ್ತು. ಆಮೇಲೆ ತಿನ್ನುತ್ತೇನೆ ಅಂದರೆ ಅದರ ಮುಖ ಸಣ್ಣದಾಗುತ್ತಿತ್ತು. ಅರ್ಧ ಮುದ್ದೆಗೆ ಹೊಟ್ಟೆ ತುಂಬುತ್ತಿರಲಿಲ್ಲ. ಸೊಪ್ಪು, ಕಾಳು ಎಷ್ಟು ತಿಂದರೂ ಊಟ ಮಾಡಿದ ಹಾಗೆ ಅನ್ನಿಸುತ್ತಿರಲಿಲ್ಲ. ಮಧ್ಯಾಹ್ನ ಮಕ್ಕಳು ಬಿಸಿಯೂಟಕ್ಕೆ ಕೂತಾಗ ಅನ್ನದ ಹಬೆಯ ವಾಸನೆಗೆ ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುವಂಥ ಸಂಕಟ ಅದು. ಉಪವಾಸ ಇರುವವರ ಹಸಿವಾದರೂ ದೊಡ್ಡ ಮಾತು, ತಟ್ಟೆ ತುಂಬ ಸೊಪ್ಪಿನ ಪಲ್ಯ ಇಟ್ಟುಕೊಂಡವಳ ಹಸಿವನ್ನು ಯಾರ ಮುಂದೆ ಹೇಳುವುದು?

ಚನ್ನಪಟ್ಟಣದಿಂದ ಮಗಳು ಫೋನು ಮಾಡಿ ದಿನಾ ವಿಚಾರಿಸುತ್ತಿದ್ದಳು. ನಡಿ, ಮಾತ್ರೆ ತಪ್ಪಿಸಬೇಡ, ಅದನ್ನು ತಿನ್ನಬೇಡ ಅಂತ ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಹೇಳುತ್ತಿದ್ದಳು. ಆಗ ಅವಳು ಐದು ತಿಂಗಳ ಬಸುರಿ. ಒಂದು ಸಲ ಮಾತು ಮುಗಿದ ಮೇಲೂ ಫೋನು ಇಡಲಿಲ್ಲ. ಏನು ಅಂದೆ.

"ತಾತಂಗಿತ್ತು, ಈಗ ನಿಂಗೂ ಬಂತು. ನಂಗೂ ಬರುತ್ತಾ ಅಮ್ಮ?"

ಅವಳ ತಾತ ನನಗೆ ಮಾವ, ನನ್ನ ರಕ್ತವಲ್ಲ. ನನಗೆ ಅವರಿಂದ ಬರುವುದಕ್ಕೆ ಸಾಧ್ಯವಿಲ್ಲ. ಆದರೆ ಅವಳಿಗೆ ಎರಡು ಕಡೆಯಿಂದಲೂ ದಾರಿ ಇತ್ತು. ಅದನ್ನು ಅವಳು ಯೋಚಿಸಿರಲಿಲ್ಲ, ನಾನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಇಲ್ಲ, ನೀನು ನಿಮ್ಮಪ್ಪನ ಥರ ಗಟ್ಟಿ ಅಂದುಬಿಟ್ಟೆ. ಅವಳು ನಂಬಿದಳೋ ಇಲ್ಲವೋ.

ಅತ್ತೆ ಮೊದಲ ವಾರ ಸುಮ್ಮನಿದ್ದವರು ಆಮೇಲೆ ಕಾವಲಿಗೆ ನಿಂತರು. ಬೆಲ್ಲದ ಡಬ್ಬಿ ಅಡುಗೆಮನೆಯಿಂದ ಅವರ ಟ್ರಂಕಿಗೆ ಹೋಯಿತು. ನನ್ನ ಕಾಫಿಯನ್ನು ತಾವು ಒಂದು ಗುಟುಕು ಕುಡಿದು ನೋಡಿ ಆಮೇಲೆ ಕೊಡುತ್ತಿದ್ದರು. ಬಾಳೆಗೊನೆ ಮನೆಗೆ ಬಂದರೆ ಹಣ್ಣು ಎಣಿಸುತ್ತಿದ್ದರು. ಸಂಜೆ ನಾನು ಬಸ್ಸಿಳಿದು ಬರುವಾಗ ಜಗುಲಿಯ ಮೇಲೆ ಕೂತ ಹೆಂಗಸರಿಗೆಲ್ಲ, ನಮ್ಮ ಸೊಸೆಗೆ ಸಕ್ಕರೆ ಕಾಯಿಲೆ, ಏನೂ ಕೊಡಬೇಡಿ ಅಂತ ಸಾರಿಬಿಟ್ಟಿದ್ದರು. ಅವತ್ತಿನಿಂದ ಆ ಹೆಂಗಸರು ನನ್ನನ್ನು ನೋಡುವ ನೋಟ ಬದಲಾಯಿತು. ಯಾರ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದರೂ ಎಲ್ಲರ ಕೈಗೆ ಸಿಹಿ ಕೊಟ್ಟು ನನ್ನ ಕೈಗೆ ಎಲೆ ಅಡಿಕೆ ಮಾತ್ರ ಇಡುತ್ತಿದ್ದರು. ನನಗೆ ರೋಸಿಹೋಯಿತು. ಇಪ್ಪತ್ತೈದು ವರ್ಷ ಈ ಮನೆಯಲ್ಲಿ ದುಡಿದವಳನ್ನು ಕದ್ದು ತಿನ್ನುವ ಮಗುವಿನಂತೆ ನೋಡುತ್ತಾರಲ್ಲ ಅಂತ ಅತ್ತೆಯ ಜೊತೆ ಮಾತು ಬಿಟ್ಟೆ. ಊಟಕ್ಕೆ ಕರೆದರೆ ಬರುವುದು, ಕೇಳಿದರೆ ಹೂಂ ಅನ್ನುವುದು, ಅಷ್ಟೇ. ಅವರು ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ. ಕಾಫಿಯ ಗುಟುಕು ನೋಡುವುದನ್ನೂ ಬಿಡಲಿಲ್ಲ.

ಕಾರ್ತಿಕದಲ್ಲಿ ಮನೆದೇವರಿಗೆ ಹೋಗುವುದು ನಮ್ಮ ಪದ್ಧತಿ. ಸಾವನದುರ್ಗದ ನರಸಿಂಹಸ್ವಾಮಿ ನಮ್ಮ ಮನೆದೇವರು. ಗುಡೇಮಾರನಹಳ್ಳಿಗೆ ಕೊಟ್ಟಿರುವ ನನ್ನ ನಾದಿನಿಯ ಮನೆಯವರೂ ಅಲ್ಲಿಗೇ ಬರುತ್ತಾರೆ. ಬೆಟ್ಟದ ಬುಡದಲ್ಲಿ ಮರದ ಕೆಳಗೆ ಒಲೆ ಹೂಡಿ ಅಡುಗೆ ಮಾಡಿ, ದೇವರಿಗೆ ಎಡೆ ಇಟ್ಟು, ಎಲ್ಲರೂ ಎಲೆ ಹಾಕಿಕೊಂಡು ಊಟ ಮಾಡಿ ಬರುತ್ತೇವೆ. ಆ ವರ್ಷ ನಾದಿನಿ ಕಡಲೆಬೇಳೆ ಪಾಯಸ ಮಾಡಿದ್ದಳು. ಬಡಿಸುವ ಕೆಲಸ ನನ್ನದು. ಬಕೆಟ್ಟು ಹಿಡಿದು ಬಗ್ಗಿ ಬಗ್ಗಿ ಒಂದೊಂದು ಎಲೆಗೂ ಬಡಿಸುವಾಗ ಬೆಲ್ಲ, ಏಲಕ್ಕಿ, ಕಾಯಿಹಾಲಿನ ಘಮ ಮುಖಕ್ಕೆ ಹೊಡೆಯುತ್ತಿತ್ತು. ಎಂಟು ತಿಂಗಳಿಂದ ನಾನು ಒಂದು ಚೂರು ಸಿಹಿ ಬಾಯಿಗೆ ಹಾಕಿರಲಿಲ್ಲ. ಬಡಿಸಿ ಮುಗಿದ ಮೇಲೆ ಬಕೆಟ್ಟು ತೊಳೆಯುವ ನೆಪದಲ್ಲಿ ನಮ್ಮನ್ನು ಕರೆತಂದಿದ್ದ ಟೆಂಪೋದ ಹಿಂದಕ್ಕೆ ಹೋದೆ. ತಳದಲ್ಲಿ ಉಳಿದಿದ್ದನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ. ಇನ್ನೊಂದು ಲೋಟ ಕುಡಿದೆ. ಬೆರಳಿನಿಂದ ಬಕೆಟ್ಟಿನ ಅಂಚು ಬಳಿದು ನೆಕ್ಕುತ್ತಿದ್ದಾಗ ತಲೆ ಎತ್ತಿದರೆ ಅತ್ತೆ ನಿಂತಿದ್ದರು. ಕೈ ತೊಳೆಯಲು ತಂಬಿಗೆ ಹಿಡಿದು ಬಂದಿದ್ದರು.

ಬೈಯುತ್ತಾರೆ, ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ ಅಂದುಕೊಂಡೆ. ಅವರು ತಂಬಿಗೆಯ ನೀರನ್ನು ನನ್ನ ಕೈಗೆ ಹಾಕಿದರು. ನಾನು ಬೆರಳು ತೊಳೆದುಕೊಂಡೆ. ಪಕ್ಕದಲ್ಲಿದ್ದ ಬಂಡೆಯ ಮೇಲೆ ಕೂತು ನನ್ನನ್ನೂ ಕೂರುವಂತೆ ಕೈ ತೋರಿಸಿದರು. ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗರು ಬೂಟು ಹಾಕಿಕೊಂಡು ನಮ್ಮ ಮುಂದೆಯೇ ನಡೆದುಹೋದರು. ಅವರು ದಾಟಿ ಹೋಗಲಿ ಅಂತ ಅತ್ತೆ ಕಾದರು.

"ನಿಮ್ಮಾವಂಗೂ ನಾನೇ ಕೊಡ್ತಿದ್ದೆ ಕಣವ್ವ," ಅಂದರು.

ಏನನ್ನು ಅಂತ ನನಗೆ ಹೊಳೆಯಲಿಲ್ಲ.

"ಬೆಲ್ಲ. ನೀವೆಲ್ಲ ಹೋದ್ಮೇಲೆ ಮದ್ಯಾನ ಕೇಳೋರು. ಮೊದ್ಲು ಬೈಯೋರು, ಆಮೇಲೆ ಅಳೋರು. ಮಗ ಅತ್ತಂಗೆ ಅಳೋರು. ಎಷ್ಟು ದಿನ ಅಂತ ಇಲ್ಲ ಅನ್ಲಿ? ಒಸಿ ಒಸಿ ಕೊಟ್ಟೆ. ದಿನಾ ಕೊಟ್ಟೆ."

ನಾನು ಅವರ ಮುಖ ನೋಡಿದೆ. ಅವರು ಬೆಟ್ಟದ ಕಡೆ ನೋಡುತ್ತಿದ್ದರು.

"ಕೊಡ್ದಿದ್ರೆ ಉಳ್ಕೋತಿದ್ರೇನೋ. ನಂಗೊತ್ತಿಲ್ಲ. ಯಾರ್ನೂ ಕೇಳ್ಲಿಲ್ಲ. ನಿನ್ ಗಂಡಂಗೂ ಯೋಳಿಲ್ಲ."

ಅಷ್ಟು ಹೊತ್ತಿಗಾಗಲೇ ಮಾವನ ಕಾಲು ಕೈಮೀರಿ ಹೋಗಿತ್ತು, ಚೂರು ಬೆಲ್ಲದಿಂದ ಆದದ್ದಲ್ಲ ಅದು ಅಂತ ನಾನು ಹೇಳಿದೆ. ನಿಜವೋ ಅಲ್ಲವೋ, ಹೇಳಬೇಕು ಅನ್ನಿಸಿತು. ಅವರು ತಲೆಯಾಡಿಸಿದರು. ನಂಬಿದವರ ಹಾಗೆ ಇರಲಿಲ್ಲ, ನಾನು ಹೇಳುವುದನ್ನು ಹೇಳಿ ಮುಗಿಸಲಿ ಅಂತ ಕಾಯುವವರ ಹಾಗಿತ್ತು. ಅವರು ಕಾಫಿಯ ಗುಟುಕು ಯಾಕೆ ನೋಡುತ್ತಿದ್ದರು ಅಂತ ನನಗೆ ಆಗ ತಿಳಿಯಿತು. ಆ ಬಂಡೆಯ ಮೇಲೆ ಕೂತಾಗ ನನ್ನ ಬಾಯಿಗೂ ಒಂದು ಮಾತು ಬಂದಿತ್ತು. ಮಾವ ಮಲಗಿದ್ದ ಕೋಣೆಗೆ ಹೋಗಲಾರದೆ ನಾನು ಮೊದಲ ಬಸ್ಸಿಗೆ ಓಡುತ್ತಿದ್ದೆ, ನೀವೊಬ್ಬರೇ ಇರುತ್ತಿದ್ದಿರಿ, ಅದಕ್ಕೇ ಅವರು ನಿಮ್ಮನ್ನೇ ಕೇಳಬೇಕಾಯಿತು ಅನ್ನುವ ಮಾತು. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಅವತ್ತಿನಿಂದ ಅತ್ತೆ ನನ್ನ ಕಾಲು ನೋಡಲು ಶುರು ಮಾಡಿದರು. ಸಂಜೆ ನಾನು ಶಾಲೆಯಿಂದ ಬಂದು ಕಾಲು ತೊಳೆದು ಜಗುಲಿಗೆ ಕೂತರೆ, ಬೆಳಕು ಇರುವಾಗಲೇ ಪಕ್ಕದಲ್ಲಿ ಕೂತು ನನ್ನ ಪಾದ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಬೆರಳಿನ ಸಂದು, ಹಿಮ್ಮಡಿ, ಅಡಿಪಾದ, ಎಲ್ಲ ನೋಡುವುದು. ಒರಟಾಗಿದ್ದ ಕಡೆ ಕೊಬ್ಬರಿ ಎಣ್ಣೆ ಸವರುವುದು. ದೊಡ್ಡವರ ತೊಡೆಯ ಮೇಲೆ ಕಾಲಿಡುವುದು ಮೊದಲ ದಿನ ನನಗೆ ಆಗಲೇ ಇಲ್ಲ. ಎಳೆದುಕೊಂಡೆ. ಅವರು ಹಿಡಿದು ಮತ್ತೆ ಇಟ್ಟುಕೊಂಡರು. ಇದು ವಾತ್ಸಲ್ಯ ಅಂತ ಬರೆದುಬಿಟ್ಟರೆ ಸುಳ್ಳಾಗುತ್ತದೆ. ಕಾಲು ನೋಡುವಾಗ ಅವರು ನನ್ನ ಜೊತೆ ಮಾತೂ ಆಡುತ್ತಿರಲಿಲ್ಲ. ತೋಟದಲ್ಲಿ ಎಲೆಯ ಹಿಂದೆ ಹುಳ ಬಿದ್ದಿದೆಯೋ ಅಂತ ನೋಡುವಂತೆ ಮುಖ ಗಂಟಿಕ್ಕಿಕೊಂಡು ನೋಡುತ್ತಿದ್ದರು. ಏನೂ ಇಲ್ಲ ಅಂತ ಖಾತ್ರಿಯಾದರೆ ಎದ್ದು ಒಳಗೆ ಹೋಗುತ್ತಿದ್ದರು.

ಆ ಕಾರ್ತಿಕಕ್ಕೆ ಮೊದಲೇ ಮಗಳಿಗೆ ಗಂಡು ಮಗುವಾಗಿತ್ತು. ಬಸುರಿನಲ್ಲಿ ಸಕ್ಕರೆ ಏರಿದೆಯೇ ಅಂತ ಎರಡು ಸಲ ನೋಡಿದ್ದರು, ಏರಿರಲಿಲ್ಲ. ಆ ಒಂದು ಸುದ್ದಿಗೆ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟಿದ್ದೆ. ಆಮೇಲೆ ಹೋದ ವರ್ಷ ಮಳೆಗಾಲದಲ್ಲಿ ಡಾಕ್ಟರು ನನ್ನ ಕಾಲನ್ನು ಪರೀಕ್ಷೆ ಮಾಡಬೇಕು ಅಂದರು. ನಾನು ಕಣ್ಣು ಮುಚ್ಚಿಕೊಂಡು ಮಲಗಬೇಕು, ಅವರು ಮೀನಿನ ಗಾಳದ ದಾರದಂಥ ಒಂದು ಎಳೆಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟುತ್ತಾರೆ, ಮುಟ್ಟಿದಾಗ ಹೂಂ ಅನ್ನಬೇಕು. ನಾನು ಹೂಂ, ಹೂಂ ಅನ್ನುತ್ತಾ ಹೋದೆ. ಒಂದು ಹಂತದಲ್ಲಿ ಮುಟ್ಟುವುದು ನಿಂತ ಹಾಗಾಯಿತು. ಮುಗಿಯಿತು ಅಂದುಕೊಂಡು ಕಣ್ಣು ಬಿಟ್ಟೆ. ಮುಗಿದಿರಲಿಲ್ಲ. ಆ ಎಳೆ ನನ್ನ ಎಡಗಾಲಿನ ಹೆಬ್ಬೆರಳ ಬುಡಕ್ಕೆ ಒತ್ತಿಕೊಂಡು ಬಾಗಿ ನಿಂತಿತ್ತು. ನನಗೆ ಏನೂ ತಿಳಿದಿರಲಿಲ್ಲ.

ಎಡಗಾಲಿನಲ್ಲಿ ಎರಡು ಕಡೆ ಸ್ಪರ್ಶ ಹೋಗಿತ್ತು. ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿಕೊಂಡೇ ಇರಬೇಕು ಅಂದರು. ಗಂಡ ಬೈಕಿನಲ್ಲಿ ಕರೆದುಕೊಂಡು ಬಂದಿದ್ದರು. ಹೊರಗೆ ಬಂದು ಹಿಂದೆ ಕೂತೆ. ನಮ್ಮೂರಿನ ತಿರುವು ಬರುವ ಮೊದಲು ಹೇಳಿದೆ. ಅವರು ಬೈಕು ಪಕ್ಕಕ್ಕೆ ನಿಲ್ಲಿಸಿದರು. ಇಳಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಎರಡು ಟಿಪ್ಪರುಗಳು ಕಲ್ಲು ತುಂಬಿಕೊಂಡು ಹೋದವು. ಧೂಳು ಇಳಿದ ಮೇಲೆ, "ಅವ್ವಂಗೆ ಯೋಳ್ಬೇಡ," ಅಂದರು. ಮತ್ತೆ ಕಿಕ್ ಹೊಡೆದು, ಮನೆಯ ಕಡೆ ಹೋಗದೆ ಕನಕಪುರಕ್ಕೆ ತಿರುಗಿಸಿದರು. ಅಲ್ಲಿ ಮೂರು ಅಂಗಡಿ ಅಲೆದು ಮೆತ್ತನೆ ಅಡಿಯ ಚಪ್ಪಲಿ ಕೊಡಿಸಿದರು. ಅಂಗಡಿಯವನ ಮುಂದೆ ನೆಲಕ್ಕೆ ಕೂತು ಅದರ ಪಟ್ಟಿಯನ್ನು ತಾವೇ ಬಿಗಿ ಮಾಡಿ, ಎಲ್ಲಾದರೂ ಒತ್ತುತ್ತದೆಯಾ ಅಂತ ಕೇಳಿದರು. ಕೇಳಿದ ಮೇಲೆ ತಮ್ಮ ಪ್ರಶ್ನೆ ತಮಗೇ ಅರ್ಥವಾಗಿ, ಪಟ್ಟಿಯ ಒಳಗೆ ತಾವೇ ಬೆರಳಾಡಿಸಿ ನೋಡಿದರು.

ನಮ್ಮ ಮನೆಯಲ್ಲಿ ಹೊಸಿಲ ಒಳಗೆ ಚಪ್ಪಲಿ ಬಂದದ್ದಿಲ್ಲ. ಮಗಳು ಕಾಲೇಜಿಗೆ ಹೋಗುವಾಗ ಮರೆತು ಒಂದು ಹೆಜ್ಜೆ ಇಟ್ಟಿದ್ದಕ್ಕೆ ಅತ್ತೆ ನೆಲ ತೊಳೆಸಿದ್ದರು. ಅದಕ್ಕೇ ನಾನು ಮೂರು ದಿನ ಚಪ್ಪಲಿ ಹಾಕಿಕೊಳ್ಳಲು ಅವರು ಮಲಗುವ ತನಕ ಕಾದೆ, ಹಗಲು ಬರಿಗಾಲಲ್ಲೇ ಓಡಾಡಿದೆ. ನಾಲ್ಕನೆಯ ದಿನ ಬೆಳಗ್ಗೆ ಅವರು ದೇವರಮನೆಯಲ್ಲಿ ದೀಪ ಹಚ್ಚುತ್ತಿದ್ದಾರೆ ಅಂತ ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋದೆ. ಹಿಂದೆಯೇ ಬಂದರು. ಮೊದಲು ನನ್ನ ಕಾಲು ನೋಡಿದರು, ಆಮೇಲೆ ಮುಖ. ಗೋಡೆಗೆ ಒಂದು ಕೈ ಊರಿಕೊಂಡರು.

"ಯಾವ ಕಾಲು?"

"ಎಡದ್ದು."

ನಿಮ್ಮಾವಂಗೂ ಎಡದ್ದೇ ಅಂತ ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ನಾನು ಚಪ್ಪಲಿ ಕಳಚಲು ಹೋದಾಗ, ಬುಡು, ಹಾಕ್ಕೊಂಡೇ ಇರು ಅಂದರು. ಅವತ್ತು ಮುದ್ದೆ ತಿರುವಲು ಕೂತವರು ನಡುವೆ ಕೋಲು ಬಿಟ್ಟು ಎದ್ದು ಹೋದರು. ನಾನೇ ಮಾಡಿ ಮುಗಿಸಿದೆ. ಗಂಟುಗಂಟಾಗಿತ್ತು.

ಈಗ ಮಾತ್ರೆ ಎರಡಾಗಿದೆ. ಇದೇ ರೀತಿ ಹೋದರೆ ಇನ್ಸುಲಿನ್ ಸೂಜಿ ಹಾಕಿಕೊಳ್ಳಬೇಕಾಗಬಹುದು ಅಂತ ಡಾಕ್ಟರು ಅಂದಿದ್ದಾರೆ. ಶಾಲೆಯ ಶೌಚಾಲಯಕ್ಕೆ ಚಿಲಕ ಹಾಕಿಸಿಕೊಂಡಿದ್ದೇನೆ, ನೀರು ಕುಡಿಯುತ್ತೇನೆ. ಕೆಲವು ತಿಂಗಳು ಸಕ್ಕರೆ ಇಳಿದಿರುತ್ತದೆ, ಕೆಲವು ತಿಂಗಳು ನಾನು ಏನೂ ತಪ್ಪು ಮಾಡದಿದ್ದರೂ ಏರಿರುತ್ತದೆ. ಅರ್ಧ ಮುದ್ದೆ ಅಭ್ಯಾಸವಾಗಿದೆ ಅಂತ ಎಲ್ಲರಿಗೂ ಹೇಳುತ್ತೇನೆ. ಆಗಿಲ್ಲ.

ಅತ್ತೆಯ ಕಣ್ಣಿಗೆ ಈ ವರ್ಷ ಪೊರೆ ಬಂದಿದೆ. ಆಪರೇಷನ್ ಮಾಡಿಸೋಣ ಅಂದರೆ ಬೇಡ ಅನ್ನುತ್ತಾರೆ, ಆಸ್ಪತ್ರೆ ಅಂದರೆ ಅವರಿಗೆ ಆಗುವುದಿಲ್ಲ. ಸಂಜೆ ಈಗಲೂ ನನ್ನ ಪಾದ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಸರಿಯಾಗಿ ಕಾಣದ್ದರಿಂದ ಬೆರಳಿನಿಂದ ತಡವಿ ನೋಡುತ್ತಾರೆ. ಹಿಮ್ಮಡಿಯಿಂದ ಶುರು ಮಾಡಿ ನಿಧಾನವಾಗಿ ಮುಂದಕ್ಕೆ ಬರುತ್ತಾರೆ. ಒಂದು ಕಡೆ ಅವರ ಬೆರಳು ನನಗೆ ತಪ್ಪಿಹೋಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಕಿರುಬೆರಳ ಹತ್ತಿರ ಮತ್ತೆ ಸಿಗುತ್ತದೆ. ಇಲ್ಲಿ ಗೊತ್ತಾಗುತ್ತಾ, ಇಲ್ಲಿ ಗೊತ್ತಾಗುತ್ತಾ ಅಂತ ಕೇಳುತ್ತಾರೆ. ನಾನು ಅವರ ಕೈ ಎಲ್ಲಿದೆ ಅಂತ ಬಗ್ಗಿ ನೋಡಿ, ಗೊತ್ತಾಗುತ್ತದೆ ಅನ್ನುತ್ತೇನೆ.